ನೋವಾಗದ ಮೊಣಕೈ

ತಾಷ್ಕೆಂಟ್
ಮಾರ್ಚ್ ೨೯

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತಾ? ರಷ್ಯಾದಲ್ಲಿ, ನಿಮ್ಮ ಕಜಾನಿನಲ್ಲಿ, ಇನ್ನೂ ಹಿಮ ಬೀಳುತ್ತಿದೆಯಂತೆ. ಗಾರೆ ಕೆಲಸಕ್ಕೆ ಹೋಗುವಾಗ ಅಜ್ಜಿ ಹೆಣೆದ ಕಾಲುಚೀಲ ಹಾಕಿಕೊಳ್ಳಿ, ಪೆಟ್ಟಿಗೆಯಲ್ಲಿ ಬಚ್ಚಿಡಬೇಡಿ. ಇಲ್ಲಿ ಕ್ರೀಡಾಶಾಲೆಯ ಹಾಸ್ಟೆಲಿನಲ್ಲಿ ನಮ್ಮ ಫೋನುಗಳೆಲ್ಲ ಜಿಮ್ನಾಸ್ಟಿಕ್ಸ್ ಕಲಿಸುವ ಗವ್ಹರ್ ಅಕ್ಕನ ಕಪಾಟಿನಲ್ಲಿರುತ್ತವೆ. ಭಾನುವಾರ ಕೊಡುತ್ತಾರೆ, ಆದರೆ ಮಾತು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕೇ ಈ ಕಾಗದ.

ಸುದ್ದಿ ಏನೆಂದರೆ, ದೇಶದ ಕಿರಿಯರ ತಂಡಕ್ಕೆ ನಾನು ಆಯ್ಕೆಯಾಗಿದ್ದೇನೆ. ಹೆಸರು ಓದಿದಾಗ ಎಲ್ಲರೂ ತಬ್ಬಿಕೊಂಡರು. ನಾನೂ ನಕ್ಕೆ. ಸಂತೋಷ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಬೇರೆ ಯಾರದೋ ಹೆಸರು ಓದಿದ ಹಾಗಿತ್ತು. ಹೋದ ವರ್ಷ ಬೀಮ್ ಎನ್ನುವ ಆ ಕಿರಿದಾದ ಎತ್ತರದ ಹಲಗೆಯ ಮೇಲೆ ಹಿಂದಕ್ಕೆ ಲಾಗ ಹಾಕಲು ಹೆದರಿ ಅಳುತ್ತಿದ್ದೆನಲ್ಲ, "ಕುರಿಮರಿ, ಇನ್ನೂ ಎಷ್ಟು ಹೊತ್ತು ಕಾಯಿಸ್ತೀಯೇ?" ಎಂದು ಅಕ್ಕ ರೇಗುತ್ತಿದ್ದರು. ಈಗ ಆ ಹೆದರಿಕೆ ಹೋಗಿದೆ. ಕಳೆದ ವಾರ ಅದರ ಮೇಲಿನಿಂದ ಬಿದ್ದೆ, ಎದ್ದು ಮತ್ತೆ ಹತ್ತಿದೆ. "ಓಯ್ದಿನ್‌ನ ನೋಡಿ ಕಲೀರೇ, ಕಬ್ಬಿಣ ಕಣ್ರೇ ಇವಳು!" ಅಂದರು ಅಕ್ಕ. ಬಟ್ಟೆ ಬದಲಿಸುವಾಗ ಗೆಳತಿ ಸೆವಾರಾ ಮಾತ್ರ, "ನಿಂಗೆ ನೋವೇ ಆಗ್ಲಿಲ್ವೇನೇ?" ಎಂದು ಕೇಳಿದಳು. ಮೊಣಕೈ ಊದಿಕೊಂಡಿತ್ತು. ನೋಡಿದ ಮೇಲೆ ಗೊತ್ತಾಯಿತು.

ಗವ್ಹರ್ ಅಕ್ಕ ಕೆಟ್ಟವರಲ್ಲ ಅಪ್ಪಾ. ನನ್ನ ಹದಿಮೂರನೇ ಹುಟ್ಟುಹಬ್ಬಕ್ಕೆ ತಮ್ಮದೇ ರಿಬ್ಬನ್ ಕೊಟ್ಟರು. ಬೆಳಿಗ್ಗೆ ತೂಕ ನೋಡಿ ಎಲ್ಲರೆದುರು ಗಟ್ಟಿಯಾಗಿ ಹೇಳುತ್ತಾರೆ, ಅಷ್ಟೆ. ಸ್ವಲ್ಪ ಹೆಚ್ಚಾದರೆ, "ಯಾರ ಮದುವೇಲಿ ಪಲಾವ್ ಹೊಡ್ಕೊಂಡು ಬಂದ್ಯೇ?" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಇದರ ಜೊತೆ ಒಂದು ಒಪ್ಪಿಗೆ ಪತ್ರ ಇಟ್ಟಿದ್ದೇನೆ. ನೀವು ಸಹಿ ಹಾಕಿದರೆ ಇನ್ನು ಮೂರು ವರ್ಷ ಇಲ್ಲೇ ಇರುತ್ತೇನೆ. ಅಜ್ಜಿ ಆಗಲೇ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾಳೆ, ಗೊತ್ತಲ್ಲ ಅವಳ ಬಾಯಿ.

ನಿಮ್ಮ ಜೊತೆ ಕೆಲಸ ಮಾಡುವ ಬೊತಿರ್ ಚಿಕ್ಕಪ್ಪನಿಗೆ ನನ್ನ ಸಲಾಂ ಹೇಳಿ. ದೇವರು ನಿಮ್ಮ ಕೈಕಾಲು ಗಟ್ಟಿಯಾಗಿಡಲಿ.

ನಿಮ್ಮ ಮಗಳು,
ಓಯ್ದಿನ್

ತಾ.ಕ.: ನವ್‌ರೋಜ್ ಹಬ್ಬದ ರಜೆ ಮುಗಿಸಿ ಹೊರಡುವಾಗ ಅಜ್ಜಿ ಬಾಗಿಲಲ್ಲಿ ರೊಟ್ಟಿ ಹಿಡಿದು ನಿಂತಿದ್ದಳು. ಹೊರಟವರು ಒಂದು ತುತ್ತು ಕಚ್ಚಬೇಕಲ್ಲ, ಉಳಿದದ್ದನ್ನು ವಾಪಸ್ ಬಂದು ತಿನ್ನಲೆಂದು ಗೋಡೆಗೆ ತೂಗುಹಾಕುತ್ತೇವಲ್ಲ, ಅದು. ಮರುದಿನ ತೂಕ ನೋಡುವವರಿದ್ದರು. ನಾನು ಬರೀ ತುಟಿ ತಾಗಿಸಿ ಅಗಿದ ಹಾಗೆ ನಟಿಸಿದೆ. ಅಜ್ಜಿಗೆ ಕಣ್ಣು ಮಂಜು, ಗೊತ್ತಾಗಲಿಲ್ಲ. ನಿಮ್ಮ ರೊಟ್ಟಿಯ ಪಕ್ಕದಲ್ಲೇ ತೂಗುಹಾಕಿದಳು. ನಿಮ್ಮದರಲ್ಲಿ ಕಚ್ಚಿದ ಗುರುತಿದೆ. ನನ್ನದು ಇಡಿಯಾಗಿದೆ. ಬಸ್ಸಿನಲ್ಲಿ ಕೂತಾಗಲೂ ಏನೂ ಅನ್ನಿಸಲಿಲ್ಲ. ಇದಕ್ಕೆ ಹೆದರಬೇಕು ಅಂತ ಗೊತ್ತು, ಆಗುತ್ತಿಲ್ಲ. ಸಹಿ ಹಾಕಬೇಡಿ ಅಪ್ಪಾ. ಬಂದು ನನ್ನನ್ನು ಕರೆದುಕೊಂಡು ಹೋಗಿ.