ದೊರೆಗೆ ಎಂಟನೇ ನಂಬರು

ನಾನಾ ಒಫೊಸುಹೆನೆ ಮಾವನವರ ಅರಮನೆಗೆ,

ದೊರೆಗೆ ಏನು ಹೇಳುವುದಿದ್ದರೂ ವಕ್ತಾರರ ಮೂಲಕವೇ ಹೇಳಬೇಕು. ನಾನು ನೇರ ಬರೆಯುತ್ತಿದ್ದೇನೆ. ಇದಕ್ಕೆ ದಂಡವಾಗಿ ಒಂದು ಕುರಿ ಕೊಡುತ್ತೇನೆ, ಕ್ಷಮೆ ಕೇಳುವುದಿಲ್ಲ.

ಗುರುವಾರ ನೀವು ಅರಮನೆಯ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಸೆಟ್ಟಿಂಗಿನ ಆ ಕಪ್ಪು ಪರದೆಯ ಮೆನು ತೆರೆದು, ಊರಿನ ಇಂಟರ್ನೆಟ್ ನೋಡಿಕೊಳ್ಳುವ ನಾನು ಆ ಕಂಪ್ಯೂಟರಿಗೆ ಕೊಟ್ಟಿದ್ದ ಎಂಟನೇ ನಂಬರು ಅಳಿಸಿ ಒಂದು ಅಂತ ಹಾಕಿದಿರಿ. ಕೇಳಿದ್ದಕ್ಕೆ, "ಊರಿಗೆ ಒಡೆಯ ನಾನು, ನನಗೆ ಎಂಟನೇ ನಂಬರೇನೆ ಹುಡುಗಿ?" ಅಂದಿರಿ. ಒಂದನೇ ನಂಬರು ಇಡೀ ಊರಿಗೆ ಇಂಟರ್ನೆಟ್ ಹಂಚುವ ರೌಟರಿನದು. ಒಂದೇ ನಂಬರಿಗೆ ಇಬ್ಬರಾದಾಗ ಆಸ್ಪತ್ರೆಯ ಲೈನೂ ಸತ್ತುಹೋಯಿತು. ಹೆರಿಗೆ ನೋವು ಬಂದವಳ ಸ್ಕ್ಯಾನ್ ಕುಮಾಸಿ ನಗರದ ಡಾಕ್ಟರಿಗೆ ಹೋಗಲಿಲ್ಲ. ನರ್ಸ್ ಡುಫಿಯೆ ಅವಳನ್ನೇ ಟ್ರೊಟ್ರೊ ವ್ಯಾನಿಗೆ ಹತ್ತಿಸಿಕೊಂಡು ಹೊರಟಳು. ಮಗು ದಾರಿಯಲ್ಲೇ ಹುಟ್ಟಿತು. ಬದುಕಿದೆ, ನಿಮ್ಮ ಪುಣ್ಯ ಚೆನ್ನಾಗಿತ್ತು.

ಮಾವ, ನಮ್ಮೆಲ್ಲರ ಮಾತನ್ನು ಹೊರಗೆ ಮುಟ್ಟಿಸುವ ವಕ್ತಾರ ಆ ರೌಟರು. ವಕ್ತಾರನ ಜಾಗದಲ್ಲಿ ದೊರೆಯೇ ಹೋಗಿ ಕೂತರೆ ಮುಟ್ಟಿಸುವವರು ಯಾರು?

ನಿಮ್ಮನ್ನು ಮತ್ತೆ ಎಂಟಕ್ಕೇ ಹಾಕಿದ್ದೇನೆ. ಮೆನುವಿಗೆ ಪಾಸ್‌ವರ್ಡ್ ಇಟ್ಟಿದ್ದೇನೆ, ಕೊಡುವುದಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ಈಮೇಲಿನಲ್ಲೇ ಆದೇಶ ಕಳಿಸಿ. ನೀವು ಎಂಟರಲ್ಲೇ ಇದ್ದರೆ ಅದು ಖಂಡಿತ ನನಗೆ ಮುಟ್ಟುತ್ತದೆ.

ನಿಮ್ಮ ಅಕ್ಕನ ಮಗಳು,
ಸೆರ್ವಾ