ಎರಡು ಹಳ್ಳದಲ್ಲಿ ನಿಂತ ಗ್ಯಾನಪ್ಪ

ಆಗಸ್ಟ್ 4, ಬೆಳಿಗ್ಗೆ 7

…‘ಸರಕಾರದಾಗ ನಾನೂ ಅದೀನಿ’ ಅಂದನೋ, ‘ನಾನೂ ಬಂದೀನಿ’ ಅಂದನೋ. ನೆನಪು ಸರಿಯಿಲ್ಲ. ನಿನ್ನೆ ತನ್ನ ಫೋಟೋ ನೋಡಿ ಗ್ಯಾನಪ್ಪ ಆಡಿದ ಮಾತು. ಅವನೂ ನಾನೂ ಒಂದೇ ಶಾಲೆಯಲ್ಲಿ ಕಲಿತವರು. ನಾನು ಕೊಪ್ಪಳದಲ್ಲಿ ಪಾಠ ಹೇಳುತ್ತೇನೆ, ಅವನು ಊರಿಗೆ ನೀರು ಬಿಡುತ್ತಾನೆ. ಪಂಚಾಯಿತಿ ಕೆಲಸ, ಇನ್ನೂ ಟೆಂಪರರಿ.

ಹೋದ ವರ್ಷ ಪಡುವಣ ಹಳ್ಳಕ್ಕೆ ಸೇತುವೆ ಕಟ್ಟಿದರು. ಮುಗಿದ ಕಾಮಗಾರಿಯ ಫೋಟೋದಲ್ಲಿ ಒಬ್ಬ ಮನುಷ್ಯ ನಿಲ್ಲಬೇಕಂತೆ, ಎತ್ತರ ತಿಳಿಯಲು. ಇವನನ್ನು ನಿಲ್ಲಿಸಿದ್ದರು. ಸರ್ಕಾರ ಎಲ್ಲೆಲ್ಲಿ ಎಷ್ಟು ಖರ್ಚು ಮಾಡಿತು ಎಂಬುದನ್ನು ಈಗ ಯಾರಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಆ ಫೋಟೋ ಅಲ್ಲೇ ಇತ್ತು. ಅವನಿಗೆ ಮೊಬೈಲಿನಲ್ಲಿ ತೋರಿಸಿದೆ. ನೀಲಿ ಅಂಗಿ, ಕೈ ಹಿಂದೆ.

“ಮದಿವಿ ಫೋಟೊದಾಗೂ ಹಿಂಗ ನಿಂತಾನ, ಪೊಲೀಸರು ಹಿಡದಂಗ,” ಅಂದಳು ಅವನ ಹೆಂಡತಿ ಹುಲಗೆವ್ವ.

ಆಗಸ್ಟ್ 9

ಬಸ್ ತಡ. ಸುಮ್ಮನೆ ಆ ಪುಟ ಮತ್ತೆ ತೆಗೆದೆ. ಎರಡು ಸಾಲು ಕೆಳಗೆ ಇನ್ನೊಂದು ಸೇತುವೆ — ಹೊಲದ ದಾರಿಯ ಹಳ್ಳದ್ದು. ಪೂರ್ಣ. ಬಿಲ್ ಪಾವತಿ.

ಅಲ್ಲಿ ಸೇತುವೆಯೇ ಇಲ್ಲ. ಮೊನ್ನೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ್ದೇನೆ. ಫೋಟೋ ಮಾತ್ರ ಇದೆ, ಪಡುವಣ ಹಳ್ಳದ್ದೇ. ಅದೇ ನೀಲಿ ಅಂಗಿ.

ಅವನಿಗೆ ಹೇಳಬಾರದು. ಅವನ ಸಂತೋಷ ಮುಟ್ಟಲು ಮನಸ್ಸಿಲ್ಲ — ಅಥವಾ ಧೈರ್ಯ…

ಆಗಸ್ಟ್ 21

“ಒಂದು ಪ್ರಿಂಟ್ ತಗಸಿ ಕೊಡು, ಫ್ರೇಮ್ ಹಾಕಸ್ತೀನಿ,” ಅಂದ. ಹೇಳಿಬಿಟ್ಟೆ.

ಮೊದಲು ನಕ್ಕ. “ಎರಡೂ ಹಳ್ಳದಾಗ ನಾನ ಅದೀನೇನು? ಹುಲಗೆವ್ವ ನೋಡಿದ್ರ, ಮನ್ಯಾಗ ಒಂದ ಕಡೆನೂ ಸಿಗಂಗಿಲ್ಲ ಅಂತಾಳ.”

ಆಮೇಲೆ ಚಹಾದ ಲೋಟ ಕೆಳಗಿಟ್ಟ.

“ದಿನಾ ನೀರಾಗ ದಾಟೋ ಮಂದಿ ನನ್ನ ಮಾರಿ ಅಲ್ಲಿ ನೋಡಿದ್ರ ಏನಂತಾರೋ, ಮಾಸ್ತರಾ?”

ಆಗಸ್ಟ್ 24, ಮಧ್ಯಾಹ್ನ

ನೀಲಿ ಅಂಗಿ ಹಾಕಿಕೊಂಡು ಬಂದ. ಹೊಲದ ಹಳ್ಳಕ್ಕೆ ಕರೆದೊಯ್ದ. ಮೊಣಕಾಲುದ್ದದ ನೀರಿಗಿಳಿದು ಕೈ ಹಿಂದೆ ಕಟ್ಟಿ ನಿಂತ.

“ಹೂಂ, ಹೊಡಿ. ನೀರು ಕಾಣಬೇಕ ನೋಡು. ಇದನ್ನ ಹಚ್ಚಿ ಆನ್‌ಲೈನ್‌ನಾಗ ದೂರು ಕೊಡು.”

“ಕೆಲಸದಿಂದ ತಗದಬಿಡ್ತಾರೋ,” ಅಂದೆ.

“ಗೊತ್ತೈತಿ. ಹುಲಗೆವ್ವಗ ಹೇಳಬ್ಯಾಡ. ಹೊಡಿಯಲೇ, ಕಾಲು ಜುಮ್ ಅನ್ನಾಕತ್ಯಾವ.”

ಆಗಸ್ಟ್ 25, ಬೆಳಿಗ್ಗೆ

ದೂರಿನ ಪುಟ ತೆರೆದಿದೆ. ದೂರುದಾರರ ಹೆಸರು ಕೇಳುತ್ತಿದೆ. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಈವರೆಗೆ ಯಾವ ಅರ್ಜಿಗೂ ಸಹಿ ಹಾಕಿದವನಲ್ಲ ನಾನು. ನೋಡುವುದಷ್ಟೇ ನನ್ನ ಪಾಲಿನದು ಅಂದುಕೊಂಡಿದ್ದೆ.

ನನ್ನ ಹೆಸರು ಬರೆದೆ. ಅಷ್ಟು ಕಷ್ಟವೇನೂ ಆಗಲಿಲ್ಲ. ಆದರೆ ಫೋಟೋದಲ್ಲಿರುವ ಮುಖ ಅವನದು. ಕೆಲಸ ಹೋದರೆ ಅವನದೇ ಹೋಗುವುದು. ಇನ್ನೂ ಕಳಿಸಿಲ್ಲ…

ಗ್ಯಾನಪ್ಪಾ, ಆ ನೀರಲ್ಲಿ ನಾನು ಹೋಗಿ ನಿಂತರೆ, ಫೋಟೋ ನೀನು ಹೊಡೆದುಕೊಡುತ್ತೀಯಾ?