ಪ್ರಬಂಧ ಓದಿದವರ ತಟ್ಟೆ

ಶ್ರೀನಿವಾಸಪುರ, ಜೂನ್ ೯

ಅಕ್ಕಾ, ನನ್ನ ಮುದ್ದಿನ ಅಕ್ಕಾ!

ಲೈಬ್ರರಿಯನ್ ಆಗಿರುವ ನಮ್ಮವರು, ಮಾವಿನ ಜಿಗಿಹುಳುವಿನ ಮೇಲಿನ ನನ್ನ ಪಿಎಚ್‌ಡಿ ಪ್ರಬಂಧವನ್ನು ಯಾರು ಬೇಕಾದರೂ ಉಚಿತವಾಗಿ ಓದಲೆಂದು ಕಾಲೇಜು ಲೈಬ್ರರಿಯ ವೆಬ್‌ಸೈಟಿಗೆ ಹಾಕಿದ್ದಾರೆ. "ಓದೋಕೆ ಬಂದೋರ್ನ ಬರಿಗೈಲಿ ಕಳಿಸ್ತಾರೇನಮ್ಮಾ?" ಎಂದ ಅತ್ತೆ, ಒಂದೊಂದು ಡೌನ್‌ಲೋಡಿಗೂ ಒಂದೊಂದು ತಟ್ಟೆಯಲ್ಲಿ ತಾಂಬೂಲ, ಮಾವಿನಹಣ್ಣು ತಂದು ಲೈಬ್ರರಿಯಲ್ಲಿ ಇಡುತ್ತಿದ್ದಾರೆ! ಬ್ರೆಜಿಲ್‌ನವರದೂ ಸೇರಿ ನಲವತ್ತಮೂರು ತಟ್ಟೆಗಳಾಗಿವೆ. ಇಂದು ಓದುವ ಮೇಜುಗಳ ತುಂಬ ತಟ್ಟೆ ಕಂಡ ಪ್ರಿನ್ಸಿಪಾಲರು "ಪ್ರಬಂಧಾನೇ ತೆಗೆದುಹಾಕಿ!" ಎಂದು ಗದರುತ್ತಲೇ ಒಂದು ಹಣ್ಣಿಗೆ ಕೈ ಹಾಕಿದರು. "ಓದಿದೋರಿಗೆ ಮಾತ್ರ ಸಾರ್," ಎಂದು ಅತ್ತೆ ತಟ್ಟೆ ಎಳೆದುಕೊಂಡರು. ಪ್ರಿನ್ಸಿಪಾಲರು ಈಗ ಮೂರನೇ ಅಧ್ಯಾಯದಲ್ಲಿದ್ದಾರೆ, ತೆಗೆಯುವ ಮಾತೇ ಇಲ್ಲ! ಬಾರದವರ ತಟ್ಟೆಯ ಹಣ್ಣೆಲ್ಲ ನಾನೇ ತಿಂದು ಬಾಯಿಹುಣ್ಣಾಗಿದೆ, ಅಮ್ಮನಿಗೆ ಹೇಳಬೇಡ. ಕಾರ್ಡು ತುಂಬಿತು. ನೀನೂ ಬೇಗ ಡೌನ್‌ಲೋಡ್ ಮಾಡು, ಅತ್ತೆ ನಿನ್ನ ತಟ್ಟೆಗೆ ಹಣ್ಣು ಆರಿಸಿಟ್ಟಿದ್ದಾರೆ.

ನಿನ್ನ ಮಾನಸ